ಸಹಿಗಿಂತ ಮೊದಲು ಒಂದು ಮಾತು

ಲಕ್ಷ್ಮೇಶ್ವರ ತಾಲೂಕಿನ ಅಡರಕಟ್ಟಿಯ ಸುತ್ತಿನ ಸೀಮೆ ಬಹುತೇಕ ಎರೆ ಹೊಲದ ಸೀಮೆ. ಮಳೆ ಬಂದರೆ ಕಾಲಿಗೆ ಅಂಟುವ, ಬಿಸಿಲು ಬಿದ್ದರೆ ಬಾಯಿ ಬಿಡುವ ಮಣ್ಣು. ಈ ಸೀಮೆಯ ಒಂದು ಸಣ್ಣ ಊರಿನಲ್ಲಿ ಒಬ್ಬ ಗ್ರಾಮ ಪಂಚಾಯತಿ ಸದಸ್ಯರಿದ್ದಾರೆ. ಊರಿನ ಹೆಸರು ಬೇಡ, ಅವರ ಹೆಸರೂ ಬೇಡ. ಏಕೆಂದರೆ ಅವರಿಗೆ ಆದದ್ದು ಯಾವ ಊರಿನ ಯಾವ ಸದಸ್ಯನಿಗಾದರೂ ಆಗಬಹುದಾದದ್ದು.

ಸದಸ್ಯರ ಮಗಳು ಎಂಟನೆಯ ಇಯತ್ತೆ. ಒಂದು ಸಂಜೆ ಪಾಟೀಚೀಲ ಇಳಿಸಿದವಳೇ ಅಪ್ಪನ ಮುಂದೆ ನಿಂತಳು.

"ಅಪ್ಪಾ, ನಮ್ಮೂರಾಗ ಕಡೀಕ ಗ್ರಾಮಸಭಾ ಯಾವಾಗ ಆತು? ಎಷ್ಟು ಮಂದಿ ಬಂದಿದ್ರು? ಏನೇನು ಮಾತಾಡಿದ್ರು? ವರದಿ ಬರಕೊಂಡು ಬರ್ರಿ ಅಂದಾರ ಸಾಲ್ಯಾಗ."

ಪೌರನೀತಿಯ ಪಾಠ. ಗ್ರಾಮಸಭೆ ಎಂದರೆ ಪ್ರಜಾಪ್ರಭುತ್ವದ ಬೇರು, ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು ಎಂದು ಪುಸ್ತಕ ಹೇಳುತ್ತದೆ. ಸದಸ್ಯರು ಉತ್ತರ ಹೇಳಲು ಬಾಯಿ ತೆರೆದರು, ಹಾಗೆಯೇ ಮುಚ್ಚಿಕೊಂಡರು. ನಡಾವಳಿ ಪುಸ್ತಕದ ಲೆಕ್ಕದಲ್ಲಿ ಸಭೆ ಆಗಿತ್ತು. ಕಣ್ಣಿನ ಲೆಕ್ಕದಲ್ಲಿ ಆಗಿರಲಿಲ್ಲ. ಪುಸ್ತಕ ಮನೆಯಿಂದ ಮನೆಗೆ ತಿರುಗಿತ್ತು. ಕೆಲವರು ಸಹಿ ಹಾಕಿದ್ದರು, ಕೆಲವರು ಹೆಬ್ಬೆಟ್ಟು ಒತ್ತಿದ್ದರು. ಸದಸ್ಯರು ಸ್ವತಃ ಲಕ್ಷ್ಮೇಶ್ವರದ ಸಂತೆಗೆ ಹೊರಟಿದ್ದ ಗಡಿಬಿಡಿಯಲ್ಲಿ, ಬೈಕಿನ ಟ್ಯಾಂಕಿನ ಮೇಲೆಯೇ ಪುಸ್ತಕ ಇಟ್ಟು ಸಹಿ ಗೀಚಿದ್ದರು.

"ನಾಳೆ ಹೇಳ್ತೇನವಾ" ಎಂದರು. ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ.

ಹಾಗೆಂದು ಅವರು ಕೆಟ್ಟ ಕೆಲಸಕ್ಕೇನೂ ಸಹಿ ಹಾಕಿರಲಿಲ್ಲ. ಆ ಪುಟದಲ್ಲಿದ್ದ ಠರಾವುಗಳಲ್ಲಿ ಒಂದು ಊರಿನ ಕಸದ್ದು. ಹಿಂದೆ ಹಳ್ಳಿಯ ಕಸವೆಂದರೆ ಬೂದಿ, ಸಗಣಿ, ಕಣಕಿ; ತಿಪ್ಪೆಗೆ ಹೋಗಿ ಗೊಬ್ಬರವಾಗಿ ಹೊಲಕ್ಕೆ ಮರಳುತ್ತಿತ್ತು. ಈಗಿನ ಕಸದಲ್ಲಿ ಗುಟಕಾ ಚೀಟಿ, ಹಾಲಿನ ಪ್ಯಾಕೆಟ್ಟು, ಔಷಧಿ ಬಾಟಲಿ, ಮೊಬೈಲಿನ ಬ್ಯಾಟರಿ, ಎಲ್ಲವೂ ಇವೆ. ಊರ ಬಾಗಿಲಲ್ಲೇ ಅದರ ಗುಡ್ಡೆ. ಇದನ್ನು ಊರ ಹೊರಗೆ ಸಾಗಿಸಬೇಕೆಂದು ಸದಸ್ಯರೇ ಹಟ ಹಿಡಿದಿದ್ದರು. ಕೆರೆಯ ಮೇಲ್ಗಡೆಯ ಗೋಮಾಳದಲ್ಲಿ ಒಂದು ಮೂಲೆ ಗೊತ್ತಾಗಿತ್ತು. ಒಳ್ಳೆಯ ಕೆಲಸಕ್ಕೆ ಊರನ್ನೆಲ್ಲ ಕೇಳುತ್ತ ಕೂತರೆ ಕೆಲಸವಾದೀತೇ ಎಂಬುದು ಅವರ ಅಂದಿನ ಅಭಿಪ್ರಾಯ. ಅಧಿಕಾರದಲ್ಲಿರುವ ಪ್ರಾಮಾಣಿಕರಿಗೂ ತಗಲುವ ರೋಗವಿದು. ಅಪ್ರಾಮಾಣಿಕ ಕೇಳುವುದಿಲ್ಲ, ಹೆದರಿಕೆಯಿಂದ. ಪ್ರಾಮಾಣಿಕ ಕೇಳುವುದಿಲ್ಲ, ಆತ್ಮವಿಶ್ವಾಸದಿಂದ. ಎರಡರಿಂದಲೂ ಊರಿಗೆ ಆಗುವ ಹಾನಿ ಒಂದೇ.

ಮರುದಿನ ಬೆಳಗ್ಗೆ ಮಗಳನ್ನು ಕರೆದುಕೊಂಡು ಆ ಜಾಗ ನೋಡಲು ಹೋದರು. ಸಹಿ ಹಾಕುವ ಮೊದಲು ಹೋಗಬೇಕಾದ ಜಾಗಕ್ಕೆ ಸಹಿ ಹಾಕಿದ ಮೇಲೆ ಹೋದಂತಾಯಿತು. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಕಂಬಳಿ ಹೊದ್ದು ಬಂದು ನಿಂತರು. ವಿಷಯ ತಿಳಿದು ನಕ್ಕರು.

"ಮಳಿ ಜೋರು ಹೊಡದ್ರ ಇಲ್ಲಿ ಬಿದ್ದ ನೀರು ಆ ಕೊರಕಲ ಹಿಡದು ಸೀದಾ ಕೆರಿಗೆ ಹೋಗ್ತೈತ್ರಿ. ನಲವತ್ತು ವರ್ಷದಿಂದ ನೋಡಾಕತ್ತೀನಿ. ನೀವು ನಕಾಶೆದಾಗ ನೋಡಿರಿ, ನಾ ಕಾಲಾಗ ನೋಡೀನಿ. ನನ್ನ ಯಾರು ಕೇಳಿದ್ರು?"

ಕಾಗದದಲ್ಲಿ ಆ ನೆಲ ಬರೀ ಖುಲ್ಲಾ ಜಾಗ. ಕುರಿಯವನ ಕಾಲಿಗೆ ಅದು ಇಳಿಜಾರು. ಈ ವ್ಯತ್ಯಾಸದಲ್ಲಿ ವಿಜ್ಞಾನದ ದೊಡ್ಡ ಪಾಠವೇ ಇದೆ. ಕಸದ ರಾಶಿಯ ಮೇಲೆ ಮಳೆ ಬಿದ್ದಾಗ ನೀರು ಅದರೊಳಗೆ ಇಳಿದು, ಕೊಳೆತದ್ದನ್ನೂ ಕರಗುವ ಲವಣಗಳನ್ನೂ ಲೋಹಗಳನ್ನೂ ಹೊತ್ತು ಕಪ್ಪು ಕಷಾಯವಾಗಿ ಕೆಳಗೆ ಹರಿಯುತ್ತದೆ. ನೆನೆದು ಉಬ್ಬಿದ ಎರೆ ಮಣ್ಣು ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಕಷಾಯ ಮೇಲೆಯೇ ಹರಿದು ತಗ್ಗಿಗೆ ಸೇರುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟಿರುತ್ತದೆ; ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿ ಆಳಕ್ಕೆ ಇಳಿಯುತ್ತದೆ. ಹೇಗೆ ನೋಡಿದರೂ ಕೆರೆಯ ಮೇಲ್ಗಡೆ ಕಸ ಹಾಕುವುದೆಂದರೆ ಕುಡಿಯುವ ಕೊಡದ ಮೇಲೆ ಮುಸುರೆ ಪಾತ್ರೆ ತೂಗು ಹಾಕಿದಂತೆ.

ಕೆರೆ ಕೆಟ್ಟರೆ ಬೋರ್‌ವೆಲ್ ಇದೆಯಲ್ಲ ಎನ್ನುವವರುಂಟು. ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ಸೀಮೆಗಳ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಎಲುಬು ಗಂಟುಗಳು ಬಿಗಿಯುತ್ತವೆ. ಮಳೆಯ ನೀರಿನಲ್ಲಿ ಈ ಪೀಡೆ ಇಲ್ಲ. ಆದ್ದರಿಂದ ಈ ಸೀಮೆಯಲ್ಲಿ ಮಳೆನೀರು ನಿಲ್ಲುವ ಕೆರೆಯೆಂದರೆ ಬರೀ ಚೆಂದದ ಮಾತಲ್ಲ, ಮಕ್ಕಳ ಹಲ್ಲು ಎಲುಬುಗಳ ಮಾತು.

ಮಗಳಿಗೆ ಇನ್ನೊಂದು ಯೋಚನೆ ಹೊಳೆಯಿತು. 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳು ಕಸ ಹೂಳುವ ಜಾಗ ಕೆರೆಯಿಂದ 200 ಮೀಟರ್, ನದಿಯಿಂದ 100 ಮೀಟರ್ ದೂರವಿರಬೇಕು ಎಂದು ಹೇಳಿದ್ದವು ಎಂಬುದನ್ನು ಶಾಲೆಯಲ್ಲಿ ಕೇಳಿದ್ದಳು. ಆ ನಿಯಮಗಳನ್ನು ಮುಖ್ಯವಾಗಿ ಪಟ್ಟಣಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು ನಿಜ. ಆದರೆ ನೀರಿಗೆ ಪಟ್ಟಣ, ಹಳ್ಳಿ ಎಂಬ ಭೇದವಿಲ್ಲ. ಶಾಲೆಯ ಆಟದ ಮೈದಾನ ಅಳೆಯುವ ಟೇಪು ತಂದು ನಾಲ್ಕಾರು ಹುಡುಗಿಯರು ಅಳೆದೇಬಿಟ್ಟರು. ಕೆರೆಯ ಅಂಚಿನಿಂದ ಗೊತ್ತಾದ ಜಾಗಕ್ಕೆ 140 ಮೀಟರ್ ಕೂಡ ಆಗಲಿಲ್ಲ. ಐದು ಜನ ದೊಡ್ಡವರು ಕೂತು ಮಾಡಿದ ತೀರ್ಮಾನವನ್ನು ಒಂದು ಟೇಪು ಅರ್ಧ ಗಂಟೆಯಲ್ಲಿ ಅಲ್ಲಾಡಿಸಿತು.

ಸದಸ್ಯರು ಪಂಚಾಯತಿಯಲ್ಲಿ ಎದ್ದು ನಿಂತು, ಠರಾವನ್ನು ಮತ್ತೆ ಸಭೆಯ ಮುಂದೆ ತರಬೇಕೆಂದರು. ಸಹಿ ಹಾಕಿದವರೇ ಈಗ ಬೇಡವೆನ್ನುವುದು ಯಾವ ನ್ಯಾಯ ಎಂದು ಕೆಲವರು ಸಿಟ್ಟಾದರು. ಜೊತೆಗೆ ಓಡಾಡಿ ಚುನಾವಣೆ ಗೆಲ್ಲಿಸಿದ ಗೆಳೆಯನೊಬ್ಬ, ಕೆಲಸದ ಗುತ್ತಿಗೆ ತನಗೆ ಬರುತ್ತದೆಂದು ನಂಬಿದ್ದವನು, ಅಂದಿನಿಂದ ಅವರ ಮನೆಯ ಕಟ್ಟೆ ಹತ್ತುವುದನ್ನು ಬಿಟ್ಟ. ಅವನು ಇಂದಿಗೂ ಹತ್ತಿಲ್ಲ. ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಳ್ಳುವುದಕ್ಕೂ ಬೆಲೆ ತೆರಬೇಕಾಗುತ್ತದೆ ಎಂಬುದು ಸದಸ್ಯರಿಗೆ ಅಂದು ತಿಳಿಯಿತು.

ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಡಂಗುರ ಸಾರಿಸಿ, ಮಸೀದಿಯ ಮುಂದೆ, ಗುಡಿಯ ಕಟ್ಟೆಯ ಮೇಲೆ, ಹಾಲಿನ ಡೇರಿಯಲ್ಲಿ ಹೇಳಿಸಿ ಜನರನ್ನು ಕೂಡಿಸಿದರು. ಮೊದಲ ಒಂದು ತಾಸು ಕಸದ ಮಾತೇ ಬರಲಿಲ್ಲ. ಮನೆ ಮಂಜೂರಾತಿ, ಬೀದಿ ದೀಪ, ಪಡಿತರ, ಹಳೆಯ ಜಗಳ ಎಲ್ಲ ಹೊರಬಂದವು. ಸದಸ್ಯರು ತಾಳ್ಮೆಯಿಂದ ಕೇಳಿದರು. ಬಹಳ ದಿನ ಮುಚ್ಚಿಟ್ಟ ಬಾವಿಯನ್ನು ತೋಡಿದರೆ ಮೊದಲು ಬರುವುದು ರಾಡಿಯೇ, ತಿಳಿನೀರು ಆಮೇಲೆ. ಕುರಿಯವರು ಎದ್ದು ಇಳಿಜಾರಿನ ಮಾತು ಹೇಳಿದರು. ಹುಡುಗಿಯರು ಅಳತೆ ಹೇಳಿದರು. ಹೊಸದಾಗಿ ಸೂಚಿಸಿದ ಜಾಗದ ಪಕ್ಕದ ಹೊಲದವನು, "ಕೆರಿಗೆ ಬ್ಯಾಡಂದ್ರ ನನ್ನ ಹೊಲಕ್ಕ ಬೇಕೇನು?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಕೊನೆಗೆ ಹಸಿ ಕಸ ಮನೆಯ ತಿಪ್ಪೆಗೇ ಹೋಗಬೇಕು, ಒಣ ಕಸ ಮಾತ್ರ ಸೂರಿನ ಕೆಳಗೆ, ಕಾಂಕ್ರೀಟ್ ನೆಲದ ಮೇಲೆ ಬೇರೆ ಮಾಡಿ ಸಾಗಿಸಬೇಕು, ಸುಡಕೂಡದು ಎಂಬ ಷರತ್ತುಗಳ ಮೇಲೆ ಅವನೂ ಒಪ್ಪಿದ. ಪೂರಾ ಮನಸ್ಸಿನಿಂದ ಒಪ್ಪಿದನೆಂದು ಹೇಳಲಾಗದು. ಆದರೆ ಷರತ್ತು ಅವನದೇ ಆದ್ದರಿಂದ, ಅದನ್ನು ಕಾಯುವವನೂ ಈಗ ಅವನೇ.

ಅಂದಿನಿಂದ ಸದಸ್ಯರು ಜಿಲ್ಲೆಯ ಹಳೆಯ ಸಂಗತಿಗಳನ್ನು ಹೊಸ ಕಣ್ಣಿನಿಂದ ನೋಡತೊಡಗಿದ್ದಾರೆ. ಅವರ ಅಭಿಪ್ರಾಯವನ್ನು ಒಂದು ಮಾತಿನಲ್ಲಿ ಹೇಳುವುದಾದರೆ: ಜನರನ್ನು ಕೇಳುವುದು ಉಪಚಾರವಲ್ಲ, ಅದು ಕೆಲಸದ ಅಡಿಪಾಯ.

ಇದಕ್ಕೆ ದೂರ ಹೋಗಬೇಕಾಗಿಲ್ಲ. 1984ರಲ್ಲಿ ಅಂದಿನ ಧಾರವಾಡ ಜಿಲ್ಲೆಯೂ ಸೇರಿದಂತೆ ಕೆಲವು ಜಿಲ್ಲೆಗಳ ಸುಮಾರು 30 ಸಾವಿರ ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ಗೆ ಕೊಡಲು ಒಪ್ಪಂದವಾಯಿತು. ಅಲ್ಲಿ ದನ ಮೇಯಿಸುತ್ತಿದ್ದವರನ್ನು, ಸೌದೆ ಆರಿಸುತ್ತಿದ್ದವರನ್ನು ಯಾರೂ ಕೇಳಿರಲಿಲ್ಲ. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯೋಗವಾಗುವ ಸಸಿಗಳನ್ನು ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಎಂದೇ ಆ ಸತ್ಯಾಗ್ರಹ ಹೆಸರಾಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1991ರಲ್ಲಿ ಆ ಕಂಪನಿಯೇ ಮುಚ್ಚಿತು. ಮೊದಲೇ ಕೇಳಿದ್ದರೆ ಏಳು ವರ್ಷಗಳ ಜಗಳ ಉಳಿಯುತ್ತಿತ್ತು.

ಮುಂಡರಗಿ ತಾಲೂಕಿನ ಹಳ್ಳಿಗುಡಿಯದೂ ಇಂಥದೇ ಕಥೆ. 2010ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಯ ಒಪ್ಪಂದವಾಗಿ, ಮೂರು ಸಾವಿರಕ್ಕೂ ಹೆಚ್ಚು ಎಕರೆ ಜಮೀನು ವಶಪಡಿಸಿಕೊಳ್ಳುವ ಪ್ರಯತ್ನ ನಡೆಯಿತು. ರೈತರು ಬೀದಿಗಿಳಿದರು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಅವರ ಬೆನ್ನಿಗೆ ನಿಂತರು. 2011ರ ಜುಲೈನಲ್ಲಿ ಸರಕಾರ ಭೂಸ್ವಾಧೀನವನ್ನು ಕೈಬಿಟ್ಟಿತು. ಕಾರ್ಖಾನೆ ಬಂದರೆ ನೌಕರಿ ಸಿಗುತ್ತದೆಂದು ಬಯಸಿದವರೂ ಆ ಸೀಮೆಯಲ್ಲಿದ್ದರು. ಅದು ಸುಳ್ಳು ಆಸೆಯೆಂದು ತಳ್ಳಿಹಾಕುವಂತಿಲ್ಲ ಎನ್ನುತ್ತಾರೆ ಸದಸ್ಯರು. ಆದರೆ ನೌಕರಿ ಬೇಕೆನ್ನುವವನೂ ಹೊಲ ಉಳಿಯಲಿ ಎನ್ನುವವನೂ ಎದುರುಬದುರು ಕೂತು ಮಾತಾಡುವ ಜಾಗ ಬೇಕು. ಆ ಜಾಗ ಇಲ್ಲವಾದಾಗ ಇಬ್ಬರೂ ಬೀದಿಗೆ ಬರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಕಪ್ಪತಗುಡ್ಡ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿದ ಈ ಗುಡ್ಡದ ಸಾಲು ಔಷಧಿ ಸಸ್ಯಗಳ ಕಣಜ. ಒಡಲಲ್ಲಿ ಕಬ್ಬಿಣದ ಅದಿರು, ಚಿನ್ನ. 2015ರ ಡಿಸೆಂಬರಿನಲ್ಲಿ ಸರಕಾರ ಇದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. 2016ರ ನವೆಂಬರಿನಲ್ಲಿ ಅದೇ ಸರಕಾರ ಆ ಘೋಷಣೆಯನ್ನು ಹಿಂತೆಗೆದುಕೊಂಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಮೀಸಲನ್ನು ಘೋಷಿಸುವ ಮೊದಲು ಸ್ಥಳೀಯ ಸಮುದಾಯಗಳೊಡನೆ ಸಮಾಲೋಚನೆ ನಡೆಸಬೇಕು. ಅದು ಸರಿಯಾಗಿ ನಡೆದಿಲ್ಲವೆಂಬ ಮಾತು ಆಗ ಮುಂದೆ ಬಂತು. ವಿಚಿತ್ರ ನೋಡಿ, ಜನರನ್ನು ಕೇಳಬೇಕೆಂಬ ನಿಯಮವೇ ಗುಡ್ಡದ ರಕ್ಷಣೆಯನ್ನು ಕಳಚುವ ಸಾಧನವಾಯಿತು. 2017ರ ಫೆಬ್ರುವರಿಯಲ್ಲಿ ಗದುಗಿನಲ್ಲಿ ತೋಂಟದ ಸ್ವಾಮೀಜಿಯವರ ನೇತೃತ್ವದಲ್ಲಿ ದೊಡ್ಡ ಧರಣಿ ನಡೆಯಿತು. ಏಪ್ರಿಲಿನಲ್ಲಿ ಮೀಸಲು ಸ್ಥಾನಮಾನ ಮರಳಿತು. 2019ರ ಮೇ ತಿಂಗಳಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ. 2018ರ ಅಕ್ಟೋಬರಿನಲ್ಲಿ ಅವರು ಲಿಂಗೈಕ್ಯರಾಗಿದ್ದರು.

ಈ ಕಥೆ ಹೇಳುವಾಗ ಸದಸ್ಯರು ಒಂದು ಮಾತು ಸೇರಿಸುತ್ತಾರೆ: "ಕಾಗದದಾಗ ಜನಾ ಇರಲಿಲ್ಲ ಅಂದ್ರ ಆ ಕಾಗದಾ ಯಾರು ಬೇಕಾದವ್ರು ಹರೀಬಹುದು. ಒಳ್ಳೇ ಕಾಗದಾನೂ ಹರೀಬಹುದು." ಬೈಕಿನ ಟ್ಯಾಂಕಿನ ಮೇಲೆ ಹಾಕಿದ ಸಹಿ ಅವರ ಕಣ್ಣ ಮುಂದೆ ಇನ್ನೂ ಇದೆ.

ಗುಡ್ಡ ಉಳಿಯಿತು, ಮಾತು ಮುಗಿಯಿತು ಎಂದೂ ಅವರು ತಿಳಿಯುವುದಿಲ್ಲ. ವನ್ಯಜೀವಿಧಾಮವಾದ ಮೇಲೆ ಅಂಚಿನ ಊರುಗಳ ಕುರಿ ದನಗಳ ಮೇವಿನ ಪ್ರಶ್ನೆ ಏಳುತ್ತದೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯನ್ನೇ ನೋಡಿ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಪ್ರತಿ ಚಳಿಗಾಲ ಅದು ಬೀಡು. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ನಕಾಶೆಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಕೆರೆಯಲ್ಲಿ ವಿಶ್ರಮಿಸುವ ಈ ಹಕ್ಕಿಗಳು ಮೇಯುವುದು ಸುತ್ತಿನ ರೈತರ ಹೊಲಗಳಲ್ಲಿ. ಜಗತ್ತಿಗೆ ಸಿಕ್ಕ ಗೌರವದ ಖರ್ಚು ಆ ರೈತನದು. ಹೀಗಿರುವಾಗ ಕೆರೆಯ ಬಗ್ಗೆ ಏನೇ ತೀರ್ಮಾನವಾಗಲಿ, ಮೊದಲ ಕುರ್ಚಿ ಅವನಿಗೆ ಹಾಕಬೇಡವೇ?

ಕಾನೂನು ಇದನ್ನೆಲ್ಲ ಮರೆತಿಲ್ಲ. ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಹೇಳುತ್ತದೆ. ಗಣಿ, ದೊಡ್ಡ ಕಾರ್ಖಾನೆಗಳಂಥ ಯೋಜನೆಗಳಿಗೆ 1997ರಲ್ಲಿ ಸಾರ್ವಜನಿಕ ಅಹವಾಲು ಕಡ್ಡಾಯವಾಯಿತು. 2006ರ ಸೆಪ್ಟೆಂಬರಿನ ಅಧಿಸೂಚನೆ ಅದರ ರೀತಿಯನ್ನು ವಿವರವಾಗಿ ಬರೆಯಿತು. ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ, ಸ್ಥಳೀಯ ಭಾಷೆಯಲ್ಲಿ ವರದಿಯ ಸಾರಾಂಶ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆ, ಕೊನೆಯಲ್ಲಿ ಬರೆದುಕೊಂಡದ್ದನ್ನು ಜನರ ಭಾಷೆಯಲ್ಲೇ ಓದಿ ಹೇಳುವುದು. ಅದೇ ಅಧಿಸೂಚನೆಯಲ್ಲಿ ಇನ್ನೊಂದು ಸಾಲೂ ಇದೆ: ಅಹವಾಲು ಆರಂಭಿಸಲು ಇಷ್ಟೇ ಜನ ಇರಬೇಕೆಂಬ ಕೋರಂ ಇಲ್ಲ. ಅಂದರೆ ಊರಿನವರು ಬಾರದಿದ್ದರೂ ಅಹವಾಲು ನಡೆಯುತ್ತದೆ. ಮನೆಯಲ್ಲಿ ಕೂತವನ ಮೌನವನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಮಾತಿಗೆ ಎಷ್ಟು ಬಲವಿದೆ ಎಂಬುದಕ್ಕೆ ಒಡಿಶಾದ ನಿಯಮಗಿರಿ ಸಾಕ್ಷಿ. ಅಲ್ಲಿ ಬಾಕ್ಸೈಟ್ ಗಣಿಗಾರಿಕೆ ಆಗಬೇಕೋ ಬೇಡವೋ ಎಂಬ ಪ್ರಶ್ನೆಯನ್ನು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಗ್ರಾಮಸಭೆಗಳ ಮುಂದಿಟ್ಟಿತು. ಹನ್ನೆರಡು ಊರುಗಳಲ್ಲಿ ಸಭೆ ಸೇರಿತು. ಹನ್ನೆರಡೂ ಬೇಡವೆಂದವು.

"ಎಲ್ಲಾ ಖರೇರಿ, ಆದ್ರ ಜನಾ ಬರೂದಿಲ್ಲಲ್ರಿ" ಎಂದು ಯಾರಾದರೂ ಸದಸ್ಯರನ್ನು ಕೇಳಿದರೆ ಅವರು ಸಿಟ್ಟಾಗುವುದಿಲ್ಲ. ಜನ ಏಕೆ ಬರುವುದಿಲ್ಲ? ಹಿಂದೆ ಬಂದು ಹೇಳಿದ್ದು ಏನಾಯಿತೆಂದು ಅವರಿಗೆ ಯಾರೂ ತಿಳಿಸಿಲ್ಲ. ಆದ್ದರಿಂದ ಈಗ ಪ್ರತಿ ಸಭೆಯ ಮೊದಲ ಕೆಲಸ ಹಿಂದಿನ ಸಭೆಯ ನಡಾವಳಿ ಓದುವುದು: ಇದು ಆಯಿತು, ಇದು ಆಗಲಿಲ್ಲ, ಆಗದಿದ್ದಕ್ಕೆ ಕಾರಣ ಇದು. ಆಗದ್ದನ್ನು ಒಪ್ಪಿಕೊಂಡಾಗಲೇ ಜನಕ್ಕೆ ನಂಬಿಕೆ ಹುಟ್ಟುತ್ತದೆಂಬುದು ಅವರ ಅನುಭವ. ಕೇಳುತ್ತ ಕೂತರೆ ಕೆಲಸ ತಡವಾಗುತ್ತದೆ ಎನ್ನುವವರಿಗೆ ಅವರು ಕಸದ ಲೆಕ್ಕ ಹೇಳುತ್ತಾರೆ. ಸಭೆಯಿಂದ ಕೆಲಸ ಎರಡು ತಿಂಗಳು ತಡವಾಯಿತು. ಕೆರೆ ಕೆಟ್ಟಿದ್ದರೆ ಎಷ್ಟು ವರ್ಷ ತಡವಾಗುತ್ತಿತ್ತು?

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ಬಂದಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಹಕ್ಕಿ, ಮೀನು, ತಳಿಗಳನ್ನು ಅದು ಜನರಿಂದಲೇ ಕೇಳಿ ದಾಖಲಿಸಬೇಕು. ಅಜ್ಜಿಗೆ ಗೊತ್ತಿರುವ ಗಿಡಮೂಲಿಕೆಯ ಹೆಸರನ್ನು ಮೊಮ್ಮಗಳು ಬರೆದಿಟ್ಟರೆ ಅದೂ ಒಂದು ಸಾಕ್ಷಿಯೇ. ಕೆರೆಯ ನೀರು ಯಾವ ತಿಂಗಳು ಎಲ್ಲಿಯವರೆಗೆ ಇರುತ್ತದೆಂದು ಕಲ್ಲಿಗೆ ಗುರುತು ಮಾಡಿ ತಾರೀಖು ಹಾಕಿಟ್ಟರೆ ಅದು ಸಭೆಯಲ್ಲಿ ಹತ್ತು ಭಾಷಣಕ್ಕೆ ಸಮ. ತಂದೆತಾಯಂದಿರು ಮಾಡಬೇಕಾದದ್ದು ಇನ್ನೂ ಸುಲಭ: ಮಕ್ಕಳನ್ನು ಜೊತೆಗೆ ಕರೆದುಕೊಂಡು ಸಭೆಗೆ ಹೋಗಬೇಕು. ಪೌರನೀತಿಯ ಪಾಠವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಅದು ಹೆಚ್ಚು ಉಪಯೋಗ.

ಆ ಮಗಳ ವರದಿ ಏನಾಯಿತು? ಹೊಸ ಸಭೆ ಮುಗಿದ ಮೇಲೆ, ವಾಯಿದೆ ದಾಟಿ ಅವಳು ಬರೆದುಕೊಟ್ಟಳು. ಎರಡು ಪುಟ. ಕಸ, ಇಳಿಜಾರು, ಅಳತೆ, ಷರತ್ತುಗಳು ಎಲ್ಲ ಇದ್ದವು. ಸದಸ್ಯರು ಹೆಮ್ಮೆಯಿಂದ ಓದುತ್ತ ಹೋದರು. ಕೊನೆಯ ಸಾಲು ಹೀಗಿತ್ತು: "ಸಭೆ ಸಂಜೆ ಆರು ಗಂಟೆಗೆ ಇತ್ತು. ನಮ್ಮ ಅವ್ವ ರೊಟ್ಟಿ ಮಾಡುವ ಹೊತ್ತಾದ್ದರಿಂದ ಬಂದಿರಲಿಲ್ಲ. ಓಣಿಯ ಯಾರ ಅವ್ವನೂ ಬಂದಿರಲಿಲ್ಲ."

ಕಸ ಬೇರೆ ಮಾಡುವವರು ಅವರೇ. ಕೆರೆಯಿಂದ ಕೊಡ ಹೊತ್ತು ತರುವವರೂ ಅವರೇ. ಸದಸ್ಯರು ವರದಿಯನ್ನು ಮಡಚಿಟ್ಟು, ಒಲೆಯ ಮುಂದೆ ಕೂತಿದ್ದ ಹೆಂಡತಿಯನ್ನು ಕೇಳಿದರು: "ನಿಮಗ ಯಾವ ಹೊತ್ತು ಅನುಕೂಲ ಆಗ್ತೈತಿ?"

ರೊಟ್ಟಿ ಬಡಿಯುತ್ತಿದ್ದ ಕೈ ಒಂದು ಕ್ಷಣ ನಿಂತಿತು. "ಇಷ್ಟು ವರ್ಷದಾಗ ಇವತ್ತs ಕೇಳಿದ್ರಿ ನೋಡ್ರಿ" ಎಂದರು ಆಕೆ. ನಂತರ ಸ್ವಲ್ಪ ಯೋಚಿಸಿ ಹೇಳಿದರು: "ಮಧ್ಯಾಹ್ನ ಮೂರಕ್ಕ ಇಡ್ರಿ. ಎಲ್ಲಾರನೂ ಕರಕೊಂಡು ಬರ್ತೀನಿ."

ಮುಂದಿನ ಸಭೆ ಮೂರು ಗಂಟೆಗೆ ಗೊತ್ತಾಗಿದೆ.